ಸ್ವಿಫ್ಟ್‌ಗೆ ಹೊಸ ಟೈರ್: ಘಾಟಿ, ಮಳೆ, ಹೈವೇ ಮೂರಕ್ಕೂ ಯಾವುದು ಸರಿ?

ತೀರ್ಥಹಳ್ಳಿ ಸ್ವಿಫ್ಟ್
ಎಲ್ಲರಿಗೂ ನಮಸ್ಕಾರ. ನನ್ನದು 2016ರ ಸ್ವಿಫ್ಟ್ ವಿಎಕ್ಸ್‌ಐ, ಪೆಟ್ರೋಲ್. ಟೈರ್ ಸೈಜ್ 165/80 ಆರ್14, ಸ್ಟೀಲ್ ರಿಮ್. ಈಗ ಓಡುತ್ತಿರುವುದು ಎರಡನೇ ಸೆಟ್. ಮುಂದಿನ ಎರಡೂ ಸವೆದು ನುಣ್ಣಗಾಗುವ ಹಂತಕ್ಕೆ ಬಂದಿವೆ, ಹಿಂದಿನ ಎರಡರಲ್ಲಿ ಗೆರೆ ಇನ್ನೂ ಚೆನ್ನಾಗಿಯೇ ಕಾಣುತ್ತದೆ. ಅಪ್ಪನ ಚಿಕಿತ್ಸೆಗೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿಬರುವುದು ಆಗಾಗ ಇದ್ದೇ ಇರುತ್ತದೆ, ಮಳೆಗಾಲದಲ್ಲೂ ತಪ್ಪುವುದಿಲ್ಲ. ಅಪರೂಪಕ್ಕೆ ಬೆಂಗಳೂರು. ಮನೆ ಹತ್ತಿರ ಒಂದಿಷ್ಟು ಮಣ್ಣು ರಸ್ತೆ. ಜೂನ್ ಶುರುವಾಗುವ ಮೊದಲು ಹೊಸ ಟೈರ್ ಹಾಕಿಸಲೇಬೇಕು.

ಅಂಗಡಿಯವರು ಇನ್ನೂ ಅಗಲದ 185 ಹಾಕಿಸಿ, ಗ್ರಿಪ್ ಜಾಸ್ತಿ, ನೋಡೋಕೂ ಚೆನ್ನಾಗಿರುತ್ತೆ ಅಂತಾರೆ. ನನಗೆ ಮೈಲೇಜ್ ಕಮ್ಮಿ ಆಗುತ್ತೇನೋ ಅನ್ನುವ ಅನುಮಾನ. ಎರಡೇ ಹಾಕಿಸಿದರೆ ಸಾಕಾ, ನಾಲ್ಕೂ ಬೇಕಾ? ಎರಡೇ ಆದರೆ ಹೊಸದು ಮುಂದೆ ತಾನೇ ಹಾಕಬೇಕು? ಸ್ಟೆಪ್ನಿ ಕಂಪನಿ ಕೊಟ್ಟಿದ್ದೇ ಇದೆ, ಇನ್ನೂ ರಸ್ತೆಗೆ ಇಳಿದೇ ಇಲ್ಲ, ಅದನ್ನು ಸೇರಿಸಿಕೊಂಡು ಮೂರೇ ಕೊಂಡರೆ ಆಗುತ್ತಾ ಅಂತಲೂ ಯೋಚನೆ ಇದೆ. ಗೊತ್ತಿರುವವರು ಹೇಳಿ.

ಘಟ್ಟದ ಟ್ಯಾಕ್ಸಿ, ಶಿವಮೊಗ್ಗ
ಅಣ್ಣಾ, ಬ್ರ್ಯಾಂಡ್ ವಿಚಾರ ಆಮೇಲೆ. ಮೊದಲು ಟೈರಿನ ಪಕ್ಕದಲ್ಲಿ ಡಿಓಟಿ ಅಂತ ಶುರುವಾಗುವ ಸಾಲು ಹುಡುಕಿ. ಅದರ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ಎಷ್ಟನೇ ವಾರ, ಕೊನೆಯ ಎರಡು ಯಾವ ವರ್ಷ. 2323 ಅಂದರೆ 2023ರ 23ನೇ ವಾರ ತಯಾರಾಗಿದ್ದು. ಹೊರಬದಿಯಲ್ಲಿ ಪೂರ್ತಿ ಕಾಣದಿದ್ದರೆ ಒಳಬದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಐದೂ ಟೈರಿನ ಅಂಕಿ ಇಲ್ಲಿ ಬರೆಯಿರಿ. ಹಾಗೇ ಪಕ್ಕದ ಗೋಡೆಯಲ್ಲಿ ಎಲ್ಲಾದರೂ ಉಬ್ಬು ಇದೆಯಾ ಕೈ ಸವರಿ ನೋಡಿ. ಉಬ್ಬಿದ್ದರೆ ಒಳಗಿನ ನೂಲು ತುಂಡಾಗಿದೆ ಅಂತ ಅರ್ಥ, ಆ ಟೈರಲ್ಲಿ ಘಾಟಿ ಇಳಿಯಲೇಬಾರದು.

ಹುಬ್ಬಳ್ಳಿ ಬೈಪಾಸ್
ನನ್ನ ಸ್ವಿಫ್ಟ್‌ಗೆ ಅದೇ 14 ರಿಮ್ ಮೇಲೆ 185/70 ಹಾಕಿಸಿದ್ದೀನಿ. ಹೈವೇಯಲ್ಲಿ ಗಾಡಿ ಗಟ್ಟಿಯಾಗಿ ಕೂರುತ್ತದೆ, ಪಕ್ಕದಲ್ಲಿ ಲಾರಿ ಹೋದಾಗ ಅಲ್ಲಾಡುವುದು ಕಮ್ಮಿ ಆಗಿದೆ. ತಿರುವಲ್ಲಿ ಧೈರ್ಯ ಬರುತ್ತದೆ. ಸ್ಟಿಯರಿಂಗ್ ಒಂಚೂರು ಭಾರ, ಮೈಲೇಜ್ ಸ್ವಲ್ಪ ಇಳಿದಿದೆ. ನಮ್ಮ ಕಡೆ ಮಳೆ ಕಮ್ಮಿ, ನೇರ ರಸ್ತೆ ಜಾಸ್ತಿ, ಹಾಗಾಗಿ ನನಗೆ ಇದೇ ಸರಿ ಅನ್ನಿಸಿದೆ. ಅಂಗಡಿಯವರು ಸುಳ್ಳೇನೂ ಹೇಳಿಲ್ಲ ಸರ್.

ತೀರ್ಥಹಳ್ಳಿ ಸ್ವಿಫ್ಟ್
ಘಟ್ಟದ ಟ್ಯಾಕ್ಸಿ ಅಣ್ಣ, ನೋಡಿದೆ. ಓಡುತ್ತಿರುವ ನಾಲ್ಕರ ಮೇಲೂ 3218 ಅಂತ ಇದೆ. ಸ್ಟೆಪ್ನಿ 2016ರದ್ದು. ಉಬ್ಬು ಎಲ್ಲೂ ಇಲ್ಲ. ಆದರೆ ಹಿಂದಿನ ಎರಡರಲ್ಲಿ ಗೆರೆಯ ಬುಡದಲ್ಲಿ ಸಣ್ಣ ಸಣ್ಣ ಬಿರುಕು ಕಾಣುತ್ತಿವೆ. ಮೇಲಿಂದ ಗೊತ್ತೇ ಆಗುವುದಿಲ್ಲ.

ರಬ್ಬರ್ ಲೆಕ್ಕ
ಹಾಗಿದ್ದರೆ ಎರಡು ಹಾಕಿಸುವ ಮಾತೇ ಇಲ್ಲ ಸರ್, ನಾಲ್ಕೂ ಬದಲಿಸಿ. 2018ರ 32ನೇ ವಾರ ಅಂದರೆ ಏಳು ವರ್ಷ ದಾಟಿದೆ. ರಬ್ಬರ್ ಗಾಳಿ, ಬಿಸಿಲು, ಶಾಖಕ್ಕೆ ಸಿಕ್ಕಿ ಗಟ್ಟಿಯಾಗುತ್ತಾ ಹೋಗುತ್ತದೆ. ಗೆರೆ ಎಷ್ಟೇ ಆಳ ಇದ್ದರೂ ಗಟ್ಟಿಯಾದ ರಬ್ಬರ್ ಒದ್ದೆ ಡಾಂಬರನ್ನು ಹಿಡಿಯುವುದಿಲ್ಲ. ಐದು ವರ್ಷ ಆದ ಮೇಲೆ ಪ್ರತಿ ವರ್ಷ ಬಲ್ಲವರಿಂದ ಚೆಕ್ ಮಾಡಿಸಿ, ಹತ್ತು ವರ್ಷ ಆದರೆ ಹೇಗಿದ್ದರೂ ತೆಗೆಯಿರಿ ಅಂತ ಟೈರ್ ಕಂಪನಿಗಳೇ ಹೇಳುತ್ತವೆ. ಬಿರುಕು ಬಂದಿದ್ದರೆ ಹತ್ತರ ತನಕ ಕಾಯುವುದು ಬೇಡ. ಅದೇ ಲೆಕ್ಕದಲ್ಲಿ ನಿಮ್ಮ ಸ್ಟೆಪ್ನಿಯೂ ಹಳೆಯದೇ, ಅದು ಡಿಕ್ಕಿಯಲ್ಲಿ ಕೂತೇ ವಯಸ್ಸಾಗಿದೆ. ಅದನ್ನು ನಾಲ್ಕರಲ್ಲಿ ಒಂದಾಗಿ ಹಾಕಬೇಡಿ. ಈಗಿರುವ ನಾಲ್ಕರಲ್ಲಿ ಯಾವುದನ್ನೂ ಸ್ಟೆಪ್ನಿಗೆ ಇಟ್ಟುಕೊಳ್ಳುವುದೂ ಬೇಡ.

ಈಗ ಸೈಜ್ ವಿಚಾರ. 165/80 ಆರ್14 ಅಂದರೆ ಅಗಲ 165 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 80, ಅಂದರೆ 132 ಮಿ.ಮೀ. ರಿಮ್ 14 ಇಂಚು, ಅಂದರೆ 355.6 ಮಿ.ಮೀ. ಮೇಲೆ ಕೆಳಗೆ ಎರಡು ಗೋಡೆ ಸೇರಿಸಿದರೆ ಒಟ್ಟು ಎತ್ತರ 619.6. ಹುಬ್ಬಳ್ಳಿಯವರು ಹಾಕಿಸಿರುವ 185/70 ಆರ್14ರ ಎತ್ತರ 614.6, ವ್ಯತ್ಯಾಸ ಶೇ. 1ರ ಒಳಗೆ. ಸ್ವಿಫ್ಟ್‌ನ ಮೇಲಿನ ಮಾದರಿ ಝಡ್‌ಎಕ್ಸ್‌ಐಗೆ ಬರುತ್ತಿದ್ದ 185/65 ಆರ್15 ತಗೊಂಡರೆ 621.5. ಈ ಮೂರೂ ಹತ್ತಿರ ಹತ್ತಿರ ಇವೆ, ಸ್ಪೀಡೋಮೀಟರ್ ತಪ್ಪಾಗುವುದಿಲ್ಲ. ಆದರೆ ಸ್ಟಾಕ್ ಇಲ್ಲ ಅಂತ ಯಾರಾದರೂ 175/70 ಆರ್14 ಕೊಡಲು ಬಂದರೆ ಬೇಡ ಅನ್ನಿ. ಅದರ ಎತ್ತರ 600.6, ಶೇ. 3ರಷ್ಟು ಚಿಕ್ಕದು. ಗಾಡಿಯೂ ಸುಮಾರು ಒಂದು ಸೆಂ.ಮೀ. ಕೆಳಗೆ ಕೂರುತ್ತದೆ. ನಿಮ್ಮ ಮಣ್ಣು ರಸ್ತೆಗೆ ಅದು ಕೆಟ್ಟದ್ದು.

ಹಾಗಾದರೆ 185 ಯಾಕೆ ಬೇಡ ಅಂತೀನಿ ಅಂದರೆ, ನಿಮ್ಮ ರಸ್ತೆ ನೋಡಿ. ಒಣ ರಸ್ತೆಯಲ್ಲಿ ಅಗಲದ ಟೈರ್ ಚೆನ್ನಾಗಿ ಹಿಡಿಯುತ್ತದೆ, ಸರಿ. ಆದರೆ ರಸ್ತೆ ಮೇಲೆ ನೀರು ನಿಂತಾಗ ಟೈರ್ ಆ ನೀರನ್ನು ಪಕ್ಕಕ್ಕೆ ತಳ್ಳಿ ಡಾಂಬರ್ ಮುಟ್ಟಬೇಕು. ಅಗಲ ಜಾಸ್ತಿ ಆದಷ್ಟೂ ತಳ್ಳಬೇಕಾದ ನೀರೂ ಜಾಸ್ತಿ, ಗಾಡಿಯ ತೂಕ ಮಾತ್ರ ಅಷ್ಟೇ. ತಳ್ಳಲು ಆಗದಿದ್ದಾಗ ಟೈರ್ ನೀರಿನ ಮೇಲೆ ತೇಲುತ್ತದೆ, ಆಗ ಸ್ಟಿಯರಿಂಗೂ ಕೇಳುವುದಿಲ್ಲ, ಬ್ರೇಕೂ ಕೇಳುವುದಿಲ್ಲ. ಸಣ್ಣ ಕಾರಿಗೆ ಕಂಪನಿ ಕೊಟ್ಟ 165 ಮಳೆಗೆ ಒಳ್ಳೆಯ ಅಗಲ. ಗೋಡೆ ಎತ್ತರ ಇರುವುದರಿಂದ ಹೊಂಡದ ಏಟೂ ತಡೆಯುತ್ತದೆ.

ಹುಬ್ಬಳ್ಳಿ ಬೈಪಾಸ್
ಎತ್ತರದ ಲೆಕ್ಕ ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ ರೀ. ಮಲೆನಾಡಿನ ಮಳೆಗೆ ನೀವು ಹೇಳುವುದು ಒಪ್ಪುತ್ತೀನಿ. ನಮ್ಮ ಕಡೆ ಬಿಸಿಲಲ್ಲಿ ಓಡಿಸುವವರಿಗೆ 185/70 ಒಳ್ಳೆಯದೇ ಅನ್ನುವುದು ಈಗಲೂ ನನ್ನ ಮಾತು. ಆದರೆ ರಿಮ್ ಅಗಲಕ್ಕೆ ಆ ಟೈರ್ ಹೊಂದುತ್ತದಾ ಅಂತ ಕೇಳಿಯೇ ಹಾಕಿಸಿ. ಮತ್ತೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಹಿಂದಿನ ಸೀಟಲ್ಲಿ ಮೂವರನ್ನು ಕೂರಿಸಿ, ಎಲ್ಲೂ ಒಳಗಡೆ ಉಜ್ಜುತ್ತಿಲ್ಲ ಅಂತ ಅಂಗಡಿಯಲ್ಲೇ ನೋಡಬೇಕು.

ಮೈಸೂರು ವ್ಯಾಗನಾರ್
ನಾನೂ ಇದೇ ವಿಷಯ ಕೇಳಬೇಕು ಅಂತಿದ್ದೆ. ನನ್ನದು 1.0 ವ್ಯಾಗನಾರ್, 155/80 ಆರ್13. ಟೈರ್ ಮೇಲೆ ಸೈಜ್ ಆದ ಮೇಲೆ 79 ಅಂತ ಒಂದು ನಂಬರ್, ಪಕ್ಕದಲ್ಲಿ ಒಂದು ಅಕ್ಷರ ಇರುತ್ತದಲ್ವಾ, ಅದು ಎಷ್ಟು ಮುಖ್ಯ? ಅಂಗಡಿಯಲ್ಲಿ ಎಚ್ ತಗೊಳ್ಳಿ ಮೇಡಂ ಅದು ಮೇಲಿನ ಕ್ವಾಲಿಟಿ ಅಂತಾರೆ, ಬೆಲೆಯೂ ಜಾಸ್ತಿ ಹೇಳ್ತಾರೆ.

ರಬ್ಬರ್ ಲೆಕ್ಕ
ಮೇಡಂ, ನಂಬರ್ ಅಂದರೆ ಒಂದು ಟೈರ್ ಹೊರಬಲ್ಲ ತೂಕ. 79 ಅಂದರೆ 437 ಕೆ.ಜಿ., 85 ಅಂದರೆ 515, 88 ಅಂದರೆ 560. ಅಕ್ಷರ ಅಂದರೆ ಆ ತೂಕ ಹೊತ್ತು ಓಡಬಲ್ಲ ವೇಗ. ಎಸ್ ಅಂದರೆ ಗಂಟೆಗೆ 180 ಕಿ.ಮೀ., ಟಿ 190, ಎಚ್ 210. ನಮ್ಮ ರಸ್ತೆಗಳಲ್ಲಿ ಎಸ್ ಮತ್ತು ಟಿ ಧಾರಾಳವಾಗಿ ಸಾಕು. ಎಚ್ ಅನ್ನುವುದು ವೇಗದ ಗುರುತು, ಒದ್ದೆ ರಸ್ತೆಯ ಹಿಡಿತದ ಗುರುತಲ್ಲ. ಬರೀ ಆ ಅಕ್ಷರಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ. ಆದರೆ ಕಂಪನಿ ಕೊಟ್ಟಿದ್ದಕ್ಕಿಂತ ಕಮ್ಮಿ ನಂಬರ್, ಕೆಳಗಿನ ಅಕ್ಷರ ಯಾವತ್ತೂ ಹಾಕಿಸಬೇಡಿ. ಐದು ಜನ, ಮೇಲೆ ಊರಿಂದ ತರುವ ಅಕ್ಕಿ ಮೂಟೆ ತೆಂಗಿನಕಾಯಿ ಎಲ್ಲ ತುಂಬಿದಾಗ ಆ ನಂಬರಿಗೆ ಬೆಲೆ ಬರುತ್ತದೆ.

ತುಮಕೂರು ಟೈರ್ ಅಂಗಡಿ
ನಾನು ಈ ವ್ಯಾಪಾರದಲ್ಲೇ ಇರುವವನು. ಕೊಳ್ಳುವವರು ನೋಡಬೇಕಾದ್ದು ಕೆಲವು ಹೇಳ್ತೀನಿ.

ಟೈರ್ ರಿಮ್‌ಗೆ ಏರಿಸುವ ಮೊದಲೇ ನಾಲ್ಕರ ತಾರೀಕೂ ನೋಡಿ, ಏರಿಸಿದ ಮೇಲೆ ವಾಪಸ್ ಕೊಡುವುದು ಕಷ್ಟ. ಆರು ತಿಂಗಳ ಒಳಗಿನದು ಸಿಕ್ಕರೆ ಒಳ್ಳೆಯದು. ನೆರಳಲ್ಲಿ ಸರಿಯಾಗಿ ಇಟ್ಟಿದ್ದರೆ ಒಂದು ವರ್ಷದ ಒಳಗಿನದಕ್ಕೂ ತೊಂದರೆ ಇಲ್ಲ. ಎರಡು ವರ್ಷ ಹಳೆಯದನ್ನು ಹೊಸ ಬೆಲೆಗೆ ಕೊಡಲು ಬಂದರೆ ಎದ್ದು ಬನ್ನಿ. ಪಕ್ಕದಲ್ಲಿ ಐಎಸ್‌ಐ ಗುರುತು ಇರಲೇಬೇಕು, ಕಾರ್ ಟೈರಿಗೆ ಐಎಸ್ 15633 ಅನ್ನುವ ನಂಬರ್ ಜೊತೆ ಬರುತ್ತದೆ. ಬಿಲ್ ಇಲ್ಲದೆ ಕಮ್ಮಿಗೆ ಕೊಡ್ತೀನಿ ಅಂದರೆ ಒಪ್ಪಬೇಡಿ. ನಾಳೆ ಗೋಡೆ ಉಬ್ಬಿದರೆ ಕಂಪನಿಯವರು ಮೊದಲು ಕೇಳುವುದೇ ಬಿಲ್. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹಳೇ ರೇಟ್ ಪಟ್ಟಿ ಮುಂದಿಟ್ಟುಕೊಂಡು ಡಿಸ್ಕೌಂಟ್ ಕೊಟ್ಟೆ ಅನ್ನುವವರು ಇದ್ದಾರೆ, ಬಿಲ್ಲಲ್ಲಿ ತೆರಿಗೆ ಎಷ್ಟು ಹಾಕಿದ್ದಾರೆ ಅಂತ ಓದಿ.

ಸೆಕೆಂಡ್ ಹ್ಯಾಂಡ್ ಟೈರ್ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳಿಬಿಡ್ತೀನಿ. ಸವೆದ ಟೈರಿಗೆ ಬಿಸಿ ಬ್ಲೇಡಿನಲ್ಲಿ ಗೆರೆ ಕೊರೆದು, ಕಪ್ಪು ಪಾಲಿಶ್ ಹಚ್ಚಿ ಮಾರುತ್ತಾರೆ. ನೋಡಲು ಹೊಸದೇ. ಕೊರೆದಾಗ ಒಳಗಿನ ಉಕ್ಕಿನ ತಂತಿಯ ಮೇಲೆ ಉಳಿಯುವ ರಬ್ಬರ್ ಕಾಗದದಷ್ಟು. ಕಾರಿನ ಟೈರಿಗೆ ಹೀಗೆ ಕೊರೆಯಲೇಬಾರದು. ದುಡ್ಡಿಲ್ಲದಿದ್ದರೆ ಕಮ್ಮಿ ಬೆಲೆಯ ಹೊಸ ಟೈರ್ ಹಾಕಿಸಿ, ಇದನ್ನು ಮಾತ್ರ ಬೇಡ.

ಘಟ್ಟದ ಟ್ಯಾಕ್ಸಿ, ಶಿವಮೊಗ್ಗ
ಅಂಗಡಿ ಅಣ್ಣ ಹೇಳಿದ್ದು ನೂರಕ್ಕೆ ನೂರು. ಇನ್ನು ಯಾವ ಟೈರ್ ಅನ್ನುವುದಕ್ಕೆ ಬರ್ತೀನಿ. ನಾವು ಟ್ಯಾಕ್ಸಿಯವರು ಸಾಮಾನ್ಯವಾಗಿ ಗಟ್ಟಿ ರಬ್ಬರಿನ ಟೈರ್ ಹಾಕಿಸ್ತೀವಿ, ಕಿಲೋಮೀಟರ್ ಜಾಸ್ತಿ ಬರಲಿ ಅಂತ. ಒಂದು ಲಕ್ಷ ಕಿ.ಮೀ. ಅಂತ ಜಾಹೀರಾತಿನಲ್ಲಿ ಹೇಳುವವು ಆ ಜಾತಿಯವು. ದಿನಾ ಇನ್ನೂರು ಮುನ್ನೂರು ಕಿ.ಮೀ. ಓಡುವ ಗಾಡಿಗೆ ಅದು ಸರಿ, ಎರಡು ವರ್ಷದಲ್ಲಿ ಸವೆದು ಹೋಗುತ್ತದೆ. ನಿಮ್ಮಂಥ ಮನೆ ಗಾಡಿ ವರ್ಷಕ್ಕೆ ಎಂಟು ಹತ್ತು ಸಾವಿರ ಓಡಿದರೆ ಜಾಸ್ತಿ. ಅದು ಲಕ್ಷ ಮುಟ್ಟುವ ಮೊದಲೇ ರಬ್ಬರಿಗೆ ವಯಸ್ಸಾಗಿರುತ್ತದೆ. ಉಪಯೋಗಿಸಲು ಆಗದ ಆಯಸ್ಸಿಗೆ ದುಡ್ಡು ಯಾಕೆ ಕೊಡ್ತೀರಿ? ಅದರ ಬದಲು ಮಳೆಯಲ್ಲಿ ಬ್ರೇಕ್ ಹಿಡಿಯುವ ಟೈರ್ ತಗೊಳ್ಳಿ, 45–50 ಸಾವಿರಕ್ಕೆ ಸವೆಯಲಿ ಬಿಡಿ.

ಆಗುಂಬೆಯಲ್ಲಿ ಜುಲೈ ತಿಂಗಳು ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. 14 ಹೇರ್‌ಪಿನ್ ತಿರುವು, ಮಂಜು, ರಸ್ತೆ ಮೇಲೆಯೇ ಹರಿಯುವ ನೀರು, ಪಾಚಿ. ಎದುರಿಂದ ಬಸ್ ಬಂದಾಗ ಗಾಡಿ ಎಷ್ಟು ಬೇಗ ನಿಲ್ಲುತ್ತದೆ ಅನ್ನುವುದೊಂದೇ ಪ್ರಶ್ನೆ.

ತೀರ್ಥಹಳ್ಳಿ ಸ್ವಿಫ್ಟ್
ಅಣ್ಣ, ಇದು ಮನಸ್ಸಿಗೆ ಬಂತು. ನಾನು ಕಿಲೋಮೀಟರ್ ಎಷ್ಟು ಬರುತ್ತದೆ ಅನ್ನುವುದೊಂದನ್ನೇ ಎಲ್ಲ ಅಂಗಡಿಯಲ್ಲೂ ಕೇಳುತ್ತಿದ್ದೆ. ಆದರೆ ಮಳೆಗೆ ಒಳ್ಳೆಯದು ಅಂತ ಹೊರಗಿಂದ ನೋಡಿ ಹೇಗೆ ಗುರುತಿಸುವುದು? ಹೆಸರು ಹೇಳಿದರೆ ಅನುಕೂಲ.

ರಬ್ಬರ್ ಲೆಕ್ಕ
ಸುತ್ತಲೂ ಹೋಗುವ ಮೂರು ನಾಲ್ಕು ಅಗಲವಾದ, ಆಳವಾದ ಗೆರೆ ಇರಬೇಕು, ನೀರು ಹೋಗುವುದು ಅದರಲ್ಲಿ. ಗೆರೆಗಳ ನಡುವಿನ ರಬ್ಬರ್ ಗುಬಟುಗಳ ಮೇಲೆ ಕೂದಲಿನಂಥ ಸಣ್ಣ ಸೀಳುಗಳು ಇರಬೇಕು. ರಬ್ಬರಿನಲ್ಲಿ ಸಿಲಿಕಾ ಬೆರೆಸಿದ್ದರೆ ಒದ್ದೆಯಲ್ಲಿ ಹಿಡಿತ ಚೆನ್ನಾಗಿರುತ್ತದೆ, ಉರುಳುವುದೂ ಹಗುರ, ಮೈಲೇಜ್ ಬಿದ್ದು ಹೋಗುವುದಿಲ್ಲ. ಕೆಲವು ಟೈರಿನ ಪಕ್ಕದಲ್ಲಿ ಟ್ರೆಡ್‌ವೇರ್ ಅಂತ ನಂಬರ್, ಟ್ರ್ಯಾಕ್ಷನ್ ಅಂತ ಅಕ್ಷರ ಇರುತ್ತವೆ. ಟ್ರ್ಯಾಕ್ಷನ್ ಎಎ ಅತ್ಯುತ್ತಮ, ಆಮೇಲೆ ಎ, ಬಿ, ಸಿ. ಅದು ಒದ್ದೆ ರಸ್ತೆಯಲ್ಲಿ ನೇರವಾಗಿ ಬ್ರೇಕ್ ಹಾಕಿದಾಗಿನ ಲೆಕ್ಕ. ಎ ಇರುವುದನ್ನು ಹುಡುಕಿ. ಟ್ರೆಡ್‌ವೇರ್ ನಂಬರನ್ನು ಒಂದೇ ಕಂಪನಿಯ ಎರಡು ಟೈರ್ ಹೋಲಿಸಲು ಮಾತ್ರ ಬಳಸಿ, ಯಾಕಂದರೆ ಆ ಅಂಕಿ ಹಾಕುವುದು ತಯಾರಕರೇ.

ಹೆಸರು ಹೇಳುವುದಾದರೆ, ನಿಮ್ಮ ಸೈಜಲ್ಲಿ ಅಪೋಲೊ ಅಮೇಜರ್ 4ಜಿ ಲೈಫ್, ಸಿಯೆಟ್ ಮೈಲೇಜ್ ಎಕ್ಸ್3 ಇವು ಬಾಳಿಕೆಗೆ ಮಾಡಿದವು. ಮಿಶೆಲಿನ್ ಎನರ್ಜಿ ಎಕ್ಸ್‌ಎಂ2 ಪ್ಲಸ್ ಅನ್ನು ಒದ್ದೆಯಲ್ಲಿ ಬೇಗ ನಿಲ್ಲುವ ಟೈರ್ ಅಂತಲೇ ಮಾರುತ್ತಾರೆ, ಬೆಲೆ ಜಾಸ್ತಿ. ಯೊಕೊಹಾಮಾ ಅರ್ಥ್-1, ಬ್ರಿಜ್‌ಸ್ಟೋನ್, ಎಂಆರ್‌ಎಫ್, ಗುಡ್‌ಇಯರ್ ಇವರದ್ದೂ ಕೇಳಿ ನೋಡಿ. ನನ್ನನ್ನು ಕೇಳಿದರೆ, ಹೋದ ತಿಂಗಳು ತಯಾರಾದ ಮಧ್ಯಮ ಬೆಲೆಯ ಟೈರ್, ಎರಡು ವರ್ಷ ಗೋದಾಮಿನಲ್ಲಿದ್ದ ದುಬಾರಿ ಟೈರಿಗಿಂತ ಮೇಲು.

ಮೈಸೂರು ವ್ಯಾಗನಾರ್
ನಮ್ಮ ಮನೆಯಲ್ಲಿ ಜೆಕೆ ಬಿಟ್ಟು ಬೇರೆ ಬೇಡ ಅಂತ ಮಾವನವರ ಹಟ. ವಿಕ್ರಾಂತ್ ಟೈರ್ಸ್ ಕಾಲದಿಂದ ನೋಡಿದವರು. 1997ರಲ್ಲಿ ಅದು ಜೆಕೆಯವರ ಕೈಗೆ ಹೋಯಿತು, ಆದರೂ ಮೈಸೂರಲ್ಲಿ ಹಳಬರ ಬಾಯಲ್ಲಿ ಇವತ್ತಿಗೂ ವಿಕ್ರಾಂತ್ ಫ್ಯಾಕ್ಟರಿಯೇ. ಊರಿನ ಟೈರ್ ಅನ್ನುವ ಅಭಿಮಾನ ನನಗೂ ಇದೆ. ತಾರೀಕು, ಐಎಸ್‌ಐ ನೋಡಿ ಅದನ್ನೇ ತಗೊಳ್ತೀನಿ. ಹೊಸ ಎರಡು ಮುಂದೆಯಾ ಹಿಂದೆಯಾ ಅನ್ನುವ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಟ್ಟಿಲ್ಲ. ನನಗೆ ಎರಡೇ ಸಾಕು, ಹಿಂದಿನವು 2023ರದ್ದು, ಚೆನ್ನಾಗಿವೆ.

ತುಮಕೂರು ಟೈರ್ ಅಂಗಡಿ
ಮೇಡಂ, ನಮ್ಮಲ್ಲಿ ಬರುವವರೆಲ್ಲ ಮುಂದೆ ಹಾಕಿ ಅಂತಾರೆ. ಇಂಜಿನ್ ತಿರುಗಿಸುವುದು ಮುಂದಿನ ಚಕ್ರ, ಸ್ಟಿಯರಿಂಗ್ ಮುಂದೆ, ಬ್ರೇಕಿನ ಭಾರ ಜಾಸ್ತಿ ಬೀಳುವುದೂ ಮುಂದೆ. ನ್ಯಾಯವಾಗಿಯೇ ಕಾಣುತ್ತದೆ. ಹಾಗೇ ಹಾಕಿ ಕೊಡ್ತೀವಿ.

ರಬ್ಬರ್ ಲೆಕ್ಕ
ಅಣ್ಣಾ, ಇದೊಂದನ್ನು ದಯವಿಟ್ಟು ಬದಲಿಸಿ. ಎರಡೇ ಹೊಸದಾದರೆ ಅವು ಹಿಂದೆಯೇ ಹೋಗಬೇಕು. ಹಿಂದಿದ್ದ ಚೆನ್ನಾಗಿರುವವು ಮುಂದಕ್ಕೆ ಬರಲಿ, ಸವೆದವು ಹೊರಗೆ. ಟೈರ್ ಕಂಪನಿಗಳೂ ಹೀಗೆಯೇ ಹೇಳುತ್ತವೆ.

ಕಾರಣ ಹೀಗಿದೆ. ಮಳೆಯಲ್ಲಿ ಮುಂದಿನ ಟೈರ್ ಜಾರಿದರೆ ಗಾಡಿ ತಿರುಗದೆ ನೇರ ಹೋಗುತ್ತದೆ. ನಿಮಗೆ ಸ್ಟಿಯರಿಂಗಲ್ಲೇ ಗೊತ್ತಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ವೇಗ ಇಳಿದು ಮತ್ತೆ ಹಿಡಿತ ಬರುತ್ತದೆ. ಹಿಂದಿನದು ಜಾರಿದರೆ ಹಿಂಬದಿ ಮುಂದಕ್ಕೆ ಬರಲು ನೋಡುತ್ತದೆ, ಗಾಡಿ ಗಿರ್ರನೆ ಸುತ್ತುತ್ತದೆ. ಭಯದಲ್ಲಿ ಕಾಲು ತೆಗೆದರೆ, ಬ್ರೇಕ್ ಒತ್ತಿದರೆ ತೂಕ ಮುಂದಕ್ಕೆ ಹೋಗಿ ಹಿಂದಿನ ಚಕ್ರ ಇನ್ನೂ ಹಗುರ ಆಗುತ್ತದೆ, ಇನ್ನೂ ಸುತ್ತುತ್ತದೆ. ದಿನನಿತ್ಯ ಓಡಿಸುವ ನಮ್ಮಂಥವರು ಅದನ್ನು ಹಿಡಿದು ನಿಲ್ಲಿಸುವುದು ಬಹಳ ಕಷ್ಟ. ಸಣ್ಣ ಕಾರಿನಲ್ಲಿ ಇಂಜಿನ್ ಮುಂದಿರುವುದರಿಂದ ಹಿಂಬದಿ ಮೊದಲೇ ಹಗುರ. ಅಲ್ಲಿ ಹಿಡಿತ ಜಾಸ್ತಿ ಬೇಕು.

ಘಟ್ಟದ ಟ್ಯಾಕ್ಸಿ, ಶಿವಮೊಗ್ಗ
ಒಂದು ಮಾತು ಸೇರಿಸ್ತೀನಿ. ಒದ್ದೆ ಮಣ್ಣಿನ ಏರು ಹತ್ತುವಾಗ ಮುಂದೆ ಹೊಸದಿದ್ದರೆ ಗಾಡಿ ಎಳೆಯುತ್ತದೆ, ಅದು ನಿಜ. ತೋಟದ ರಸ್ತೆಯವರು ಅದಕ್ಕೇ ಮುಂದೆ ಕೇಳುವುದು. ಆದರೆ ಅಲ್ಲಿ ಜಾರಿದರೆ ಗಾಡಿ ಹತ್ತುವುದಿಲ್ಲ ಅಷ್ಟೇ. ಘಾಟಿಯಲ್ಲಿ ಹಿಂದೆ ಜಾರಿದರೆ ಪ್ರಪಾತ. ಹಾಗಾಗಿ ನನ್ನ ವೋಟೂ ಹಿಂದಕ್ಕೇ.

ತುಮಕೂರು ಟೈರ್ ಅಂಗಡಿ
ಸರಿ ಸರ್, ಕಾರಣ ಒಪ್ಪುವಂಥದ್ದೇ. ಇನ್ನು ಮುಂದೆ ಎರಡೇ ಹಾಕಿಸುವವರಿಗೆ ಹೀಗೆ ಹೇಳಿ ಹಿಂದೆ ಹಾಕ್ತೀನಿ. ಮೇಡಂ, ನಿಮ್ಮ ಅಂಗಡಿಯವರು ಒಪ್ಪದಿದ್ದರೂ ಹಟ ಹಿಡಿಯಿರಿ, ಹತ್ತು ನಿಮಿಷದ ಹೆಚ್ಚಿನ ಕೆಲಸ ಅಷ್ಟೇ.

ತೀರ್ಥಹಳ್ಳಿ ಸ್ವಿಫ್ಟ್
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೆರಡು ಸಣ್ಣ ಪ್ರಶ್ನೆ. ಎಷ್ಟು ಸವೆದರೆ ಮುಂದಿನ ಸಲ ಬದಲಿಸಬೇಕು? ನೈಟ್ರೋಜನ್ ಹಾಕಿಸಬೇಕಾ?

ರಬ್ಬರ್ ಲೆಕ್ಕ
ಗೆರೆಯ ಒಳಗೆ ಅಡ್ಡಡ್ಡ ಸಣ್ಣ ದಿಣ್ಣೆ ಇರುತ್ತವೆ. ಪಕ್ಕದಲ್ಲಿ ಟಿಡಬ್ಲ್ಯುಐ ಅಂತಲೋ ಚಿಕ್ಕ ತ್ರಿಕೋನವೋ ಇರುವ ಕಡೆ ನೇರ ಮೇಲೆ ನೋಡಿ. ಟೈರ್ ಸವೆದು ಆ ದಿಣ್ಣೆಗೆ ಸಮ ಬಂದರೆ 1.6 ಮಿ.ಮೀ. ಉಳಿದಿದೆ ಅಂತ, ಕಾನೂನಿನ ಕೊನೆಯ ಮಿತಿ ಅದು. ಹೊಸ ಟೈರಿನಲ್ಲಿ ಸುಮಾರು 7–8 ಮಿ.ಮೀ. ಇರುತ್ತದೆ. ಮಲೆನಾಡು ಕರಾವಳಿಯವರು 1.6ರ ತನಕ ಕಾಯಬಾರದು. 3 ಮಿ.ಮೀ. ಆದಾಗ, ಅದೂ ಮೇ ತಿಂಗಳಲ್ಲೇ, ತೆಗೆಸಿಬಿಡಿ. ಆಳ ಅಳೆಯುವ ಗೇಜ್ ಕಮ್ಮಿ ಬೆಲೆಗೆ ಸಿಗುತ್ತದೆ.

ನಾವು ಹಾಕುವ ಮಾಮೂಲಿ ಗಾಳಿಯಲ್ಲೇ ಶೇ. 78 ನೈಟ್ರೋಜನ್. ಬಿಟ್ಟಿ ಹಾಕಿದರೆ ಹಾಕಿಸಿ, ದುಡ್ಡು ಕೊಟ್ಟು ಬೇಡ. ಗಾಳಿಯ ಒತ್ತಡ ಎಷ್ಟು ಪಿಎಸ್‌ಐ ಅನ್ನುವುದು ಮುಖ್ಯ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಇರುವಷ್ಟೇ ಹಾಕಿಸಿ, ಬೆಳಿಗ್ಗೆ ಟೈರ್ ತಣ್ಣಗಿರುವಾಗ. ಟೈರ್ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅಷ್ಟು ಹಾಕಿಸಬಾರದು. ಬೆಂಗಳೂರಿಗೆ ಹೊರಡುವ ದಿನ ಮರೆಯದೆ ನೋಡಿ. ಗಾಳಿ ಕಮ್ಮಿ ಇದ್ದು ವೇಗವಾಗಿ ಓಡಿಸಿದರೆ ಗೋಡೆ ಮಡಚಿ ಮಡಚಿ ಬಿಸಿಯಾಗುತ್ತದೆ, ಹೈವೇಯಲ್ಲಿ ಟೈರ್ ಸಿಡಿಯಲು ಅದು ದೊಡ್ಡ ಕಾರಣ.

ತೀರ್ಥಹಳ್ಳಿ ಸ್ವಿಫ್ಟ್
ಶಿವಮೊಗ್ಗಕ್ಕೆ ಹೋಗಿ ಹಾಕಿಸಿಕೊಂಡು ಬಂದೆ. 165/80 ಆರ್14 85ಟಿ, ನಾಲ್ಕು, ಎಲ್ಲವೂ ಮೂರು ತಿಂಗಳ ಒಳಗಿನವು. ಮೊದಲು ಹೋದ ಅಂಗಡಿಯಲ್ಲಿ ಒಂದೂವರೆ ವರ್ಷದ ಹಳೆಯದು ಇತ್ತು, ತಾರೀಕು ತೋರಿಸಿದ್ದಕ್ಕೆ ಎಲ್ಲ ಒಂದೇ ಸರ್ ಅಂದರು, ಹೊರಟು ಬಂದೆ. ರಬ್ಬರ್ ವಾಲ್ವ್ ನಾಲ್ಕೂ ಹೊಸದು, ಬ್ಯಾಲೆನ್ಸಿಂಗ್ ಅಲೈನ್‌ಮೆಂಟ್ ಅಲ್ಲೇ ಆಯಿತು, ಬಿಲ್ ಇದೆ. ಹಳೇ ನಾಲ್ಕನ್ನು ಎಕ್ಸ್‌ಚೇಂಜ್‌ಗೆ ಕೊಡುವ ಮೊದಲು ಇವನ್ನು ಮತ್ತೆ ಗೆರೆ ಕೊರೆದು ಮಾರಬೇಡಿ ಅಂತ ಹೇಳಿಯೇ ಕೊಟ್ಟೆ. ಸ್ಟೆಪ್ನಿಗೆ ಮುಂದಿನ ತಿಂಗಳು ಅದೇ ಟೈರ್ ಇನ್ನೊಂದು ಹೇಳಿದ್ದೀನಿ.

ಘಟ್ಟದ ಟ್ಯಾಕ್ಸಿ, ಶಿವಮೊಗ್ಗ
ಒಳ್ಳೆಯದಾಯಿತು ಅಣ್ಣ. ಮೊದಲ ಇನ್ನೂರು ಮುನ್ನೂರು ಕಿ.ಮೀ. ಜೋರಾಗಿ ಬ್ರೇಕ್ ಹಾಕುವುದು, ತಿರುವಲ್ಲಿ ಎಳೆಯುವುದು ಬೇಡ. ಅಚ್ಚಿನಿಂದ ಬಂದ ಎಣ್ಣೆಯಂಥ ಪದರ ಸವೆಯಬೇಕು, ಅಲ್ಲಿಯ ತನಕ ಹೊಸ ಟೈರೂ ಜಾರುತ್ತದೆ. ಮಣಿಪಾಲಕ್ಕೆ ಹೊರಡುವ ಮೊದಲು ಊರಲ್ಲೇ ಒಂದಿಷ್ಟು ಓಡಿಸಿಕೊಳ್ಳಿ. ಎಂಟು ಹತ್ತು ಸಾವಿರಕ್ಕೆ ಹಿಂದಿನದು ಮುಂದಕ್ಕೆ ಬದಲಿಸಿ. ಅಪ್ಪನಿಗೆ ಬೇಗ ಹುಷಾರಾಗಲಿ.